ಬಂಕಿನ ‘ಅಪ್ನಾ ಘರ್’: ಒಂದು ದಿನದ ಹಾಲ್ಟ್‌ಗೆ ಹೇಗೆ?

ಸರ್ಕಾರಿ ತೈಲ ಕಂಪನಿಗಳು ಹೆದ್ದಾರಿ ಬಂಕುಗಳಲ್ಲಿ ಲಾರಿ ಚಾಲಕರಿಗಾಗಿ ಮಾಡಿರುವ ತಂಗುದಾಣ ಇದು. 10ರಿಂದ 30 ಹಾಸಿಗೆಯ ಡಾರ್ಮಿಟರಿ, ಸ್ನಾನಕ್ಕೆ ತೊಟ್ಟಿ, ಶೌಚಾಲಯ, ಕುಡಿಯುವ ನೀರು, ನಾವೇ ಅಡುಗೆ ಮಾಡಿಕೊಳ್ಳಲು ಜಾಗ. ಹಾಸಿಗೆಯನ್ನು ಮೊಬೈಲ್ ಆ್ಯಪ್‌ನಲ್ಲೇ ಕಾದಿರಿಸಬಹುದು. ಊಟದ ಬಿಲ್ಲಿನ ಹಂಗಿಲ್ಲದೆ ಕಾಲು ಚಾಚಿ ಮಲಗಬಹುದು, ಡಾಬಾದ ಹಗ್ಗದ ಮಂಚಕ್ಕಿಂತ ಇದು ಮೇಲು ಅನ್ನಿಸುವುದು ಅಲ್ಲೇ. ತೊಟ್ಟಿಗೆ ಪೂರ್ತಿ ಅಂಕ: ಮೊಣಕೈವರೆಗಿನ ಗ್ರೀಸು ಎರಡು ಮಗ್ಗು ನೀರಿಗೆ ಹೋಗುವಂಥದ್ದಲ್ಲ.

ಒಳಗೆ ಮಲಗಿದರೆ ಗಾಡಿ ಕಣ್ಣಿಗೆ ಬೀಳದು, ಅದೇ ತೊಂದರೆ. ಲೋಡ್ ಇದ್ದರೆ ಚಾಲಕ, ಕ್ಲೀನರ್ ಸರದಿಯಲ್ಲಿ ಮಲಗಬೇಕು. ಡೀಸೆಲ್ ಟ್ಯಾಂಕ್ ಬೆಳಕಿರುವ ಕಡೆಗೇ ಬರುವಂತೆ ನಿಲ್ಲಿಸಿ, ಮುಚ್ಚಳಕ್ಕೆ ಬೀಗ ಹಾಕಿ.

ಹಾಲ್ಟ್‌ಗೂ ಮೊದಲು ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ನೋಡಿಕೊಳ್ಳಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಬೆಂಗಳೂರು–ಪುಣೆಯ ಸುಮಾರು 840 ಕಿ.ಮೀ.ಗೆ 5 ದಿನ ಸಿಗುವುದರಿಂದ ಒಂದು ದಿನದ ನಿದ್ದೆಗೆ ಧಾರಾಳ. ವಿಸ್ತರಿಸಬೇಕಾದರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ನಂತರದವರೆಗೆ ಮಾತ್ರ ಅವಕಾಶ. ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರೆ ದಾರಿಯಲ್ಲಿ ದಂಡ ಕಟ್ಟಬೇಕಾದೀತು.

ಎಂಜಿನ್ ನಿಲ್ಲಿಸಿ ಕ್ಯಾಬಿನ್ ಫ್ಯಾನು, ಹಾಡು ಹಾಕಿಟ್ಟರೆ ಬೆಳಿಗ್ಗೆ ಬ್ಯಾಟರಿ ಕೈಕೊಡುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ. ದಿನವಿಡೀ ನಿಂತ ಗಾಡಿಯಲ್ಲಿ ಬ್ರೇಕಿನ ಏರ್ ಪ್ರೆಶರ್ ಇಳಿದಿರುತ್ತದೆ. ಗೇಜ್ ಏರುವವರೆಗೆ ಹ್ಯಾಂಡ್‌ಬ್ರೇಕಿನ ಸ್ಪ್ರಿಂಗ್ ಪೂರ್ತಿ ಬಿಡುವುದಿಲ್ಲ. ಅವಸರಕ್ಕೆ ಗಾಡಿಯನ್ನು ಹಾಗೇ ಓಡಿಸಿದರೆ ಬ್ರೇಕ್ ಲೈನರ್ ಸುಡುತ್ತದೆ.