ಅರ್ಕಾನ್ಸಾಸ್‌ನ ಜೌಗಿನಲ್ಲಿ ಬಾತು ಕರೆಯಲು ಯಾವುದು ಸರಿ: ಎಲೆಕ್ಟ್ರಾನಿಕ್ ಕಾಲರ್, ಸಿಂಗಲ್ ರೀಡ್, ಡಬಲ್ ರೀಡ್?

ಪೂರ್ವ ಅರ್ಕಾನ್ಸಾಸ್‌ನ ನೀರು ನಿಂತ ಭತ್ತದ ಗದ್ದೆಗಳಲ್ಲಿ ಮಲ್ಲಾರ್ಡ್ ಬಾತುಗಳನ್ನು ಬೇಟೆಗೆಂದು ಹತ್ತಿರ ಕರೆಯಲು ಈ ಮೂರಕ್ಕೂ ದುಡ್ಡು ಸುರಿದಿದ್ದೇನೆ: ಸ್ಪೀಕರಿನಲ್ಲಿ ಹಕ್ಕಿಯ ಕೂಗು ನುಡಿಸುವ ಎಲೆಕ್ಟ್ರಾನಿಕ್ ಯಂತ್ರ, ಮತ್ತು ಊದಿದಾಗ ಒಳಗಿನ ರೀಡ್ ಎಂಬ ತೆಳು ಪಟ್ಟಿ ಕಂಪಿಸಿ ದನಿ ಕೊಡುವ ಎರಡು ಬಗೆಯ ಪೀಪಿ, ಒಂದರಲ್ಲಿ ಒಂದೇ ರೀಡ್, ಇನ್ನೊಂದರಲ್ಲಿ ಎರಡು. ಕೊರಳ ದಾರದಲ್ಲಿ ಉಳಿದಿರುವುದು ಎಲ್ಲಕ್ಕಿಂತ ಅಗ್ಗದ, 25 ಡಾಲರಿನ ಡಬಲ್ ರೀಡ್ ಪೀಪಿ ಮಾತ್ರ.

300 ಡಾಲರಿಗೂ ಮೀರಿದ ಎಲೆಕ್ಟ್ರಾನಿಕ್ ಕಾಲರ್‌ನ ದನಿಗೆ ಹೆಸರಿಡುವಂತಿಲ್ಲ, ಏಕೆಂದರೆ ಅದು ನಿಜವಾದ ಹಕ್ಕಿಗಳ ಧ್ವನಿಮುದ್ರಣ. ಆದರೆ ಧ್ವನಿಮುದ್ರಿತ ಕೂಗನ್ನಾಗಲಿ, ವಿದ್ಯುತ್ತಿನಿಂದ ಹಿಗ್ಗಿಸಿದ ಕೂಗನ್ನಾಗಲಿ ಬಾತು ಬೇಟೆಯಲ್ಲಿ ಬಳಸುವುದನ್ನು ಅಮೆರಿಕದ ಫೆಡರಲ್ ನಿಯಮ ನಿಷೇಧಿಸುತ್ತದೆ. ಮಾರಿದ ಅಂಗಡಿಯವರು ಈ ವಿಷಯ ಎತ್ತಲೇ ಇಲ್ಲ. ಮೇವಿಗಾಗಿ ಆರ್ಕ್ಟಿಕ್ ನೆಲವನ್ನೇ ಬೋಳಾಗಿಸುವಷ್ಟು ಹೆಚ್ಚಿದ ಸ್ನೋ ಗೂಸ್ ಹೆಬ್ಬಾತುಗಳನ್ನು ತಗ್ಗಿಸಲೆಂದು 1999ರಿಂದ ವಿನಾಯಿತಿ ಇದೆ, ಅದೂ ಉಳಿದ ನೀರಹಕ್ಕಿಗಳ ಬೇಟೆ ಋತು ಮುಗಿದ ಮೇಲೆ. ಆಗ ಗೆಳೆಯರ ಗುಂಪಿನೊಡನೆ ಬ್ಯಾಟರಿ, ಸ್ಪೀಕರುಗಳನ್ನು ಮೊಣಕಾಲುದ್ದದ ಕೆಸರಿನಲ್ಲಿ ಹೊತ್ತುಕೊಂಡು ಹೋಗುತ್ತೇವೆ.

ಕಾನೂನು ಒಪ್ಪಿದ್ದರೂ ಬಾತುಗಳಿಗೆ ನಾನು ಅದನ್ನು ಬಳಸುತ್ತಿರಲಿಲ್ಲ. ಬಾತುಗಳು ಸುತ್ತು ಹಾಕುವಾಗ ಬಾಲ ಕಂಡರೆ ಕರೆಯಬೇಕು, ಎದೆ ಕಂಡರೆ ಸುಮ್ಮನಿರಬೇಕು; ರಿಮೋಟಿನ ಗುಂಡಿ ತಡಕುವಷ್ಟರಲ್ಲಿ ಆ ಗಳಿಗೆ ಜಾರಿರುತ್ತದೆ.

140 ಡಾಲರಿನ ಅಕ್ರಿಲಿಕ್ ಸಿಂಗಲ್ ರೀಡ್ ಪೀಪಿ ಸಾಧಕರಿಗೆ ಸರಿ. 1936ರಿಂದ ಬಾತು ಕರೆಯುವ ಸ್ಪರ್ಧೆ ನಡೆಸುತ್ತಿರುವ, ಅರ್ಕಾನ್ಸಾಸ್‌ನದೇ ಆದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ಅದನ್ನು ನುಡಿಸುವವರ ಉಸಿರಿನ ಹಿಡಿತ ನನ್ನದಲ್ಲ. ನಾನು ಊದಿದರೆ ಅದು ಕಿರಿಚುತ್ತದೆ.

ಡಬಲ್ ರೀಡ್‌ನಲ್ಲಿ ಹೆಣ್ಣು ಮಲ್ಲಾರ್ಡ್‌ನ ಒರಟು ದನಿ ಸಲೀಸಾಗಿ ಬರುತ್ತದೆ. ಅದರ ಕಾಟ ಒಂದೇ, ಎಂಜಲು. ಎರಡು ರೀಡುಗಳು ಅಂಟದಿರಲೆಂದು ಒಂದರಲ್ಲಿ ಸಣ್ಣ ಉಬ್ಬು ಮಾಡಿರುತ್ತಾರೆ. ಆದರೂ ನಡುವೆ ತೇವ ಸೇರಿದರೆ, ಬಾತುಗಳು ನೆತ್ತಿಯ ಮೇಲಿರುವಾಗಲೇ ಪೀಪಿ ಮೂಕವಾಗುತ್ತದೆ. ಜನವರಿಯ ಮುಂಜಾವಿನಲ್ಲಿ ಆ ತೇವ ಹೆಪ್ಪುಗಟ್ಟುವುದೂ ಉಂಟು.

ಹಿಂದಿನ ತುದಿಯಿಂದ ಜೋರಾಗಿ ಊದಿದರೆ ಒಮ್ಮೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಒಳಭಾಗವನ್ನು ಹೊರಗೆಳೆದು, ರೀಡುಗಳ ಸಂದಿನಲ್ಲಿ ಒಣಗಿದ ಒಂದು ಡಾಲರಿನ ನೋಟನ್ನು ಮೆಲ್ಲಗೆ ಆಡಿಸಬೇಕು. ರೀಡನ್ನು ಬಿಗಿಹಿಡಿದ ಕಾರ್ಕಿನ ತುಂಡನ್ನು ಗದ್ದೆಯಲ್ಲಿ ಕೀಳಬಾರದು, ಏಕೆಂದರೆ ರೀಡುಗಳು ಕೂದಲೆಳೆಯಷ್ಟು ಜರುಗಿದರೂ ದನಿ ಕೆಡುತ್ತದೆ. ರೀಡುಗಳು ಇರಬೇಕಾದ ಜಾಗಕ್ಕೆ ನಾನು ಮನೆಯಲ್ಲೇ ಪೆನ್ನಿನಿಂದ ಗುರುತು ಹಾಕಿಟ್ಟಿರುತ್ತೇನೆ. ಸಕ್ಕರೆ ಹಾಕಿದ ಫಿಲ್ಟರ್ ಕಾಫಿ ಕುಡಿದ ಬಾಯಲ್ಲೇ ಊದಿದರೆ ಅಂಟು ಇನ್ನೂ ಬೇಗ ಹಿಡಿಯುವುದರಿಂದ, ಮೊದಲು ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಸೂಜಿಬಾಲದ ಬಾತಿಗೆ ಈ ಮೂರೂ ಬೇಡ, ಅಗ್ಗದ ಸೀಟಿ ಸಾಕು. ಅದೇ ಜಾತಿಯ ಬಾತು ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಲ್ಲಿ ಅದರ ಬೇಟೆ ಅಪರಾಧ.

ವಾರಾಂತ್ಯದಲ್ಲಷ್ಟೇ ನೀರಿಗಿಳಿಯುವ, ಕಚೇರಿಗೆ ಹೋಗುವ ದಾರಿಯಲ್ಲಿ ಕಾರಿನೊಳಗೇ ಅಭ್ಯಾಸ ಮಾಡುವ ನನಗೆ ಡಬಲ್ ರೀಡ್ ಬಿಟ್ಟು ಬೇರೆ ಬೇಡ. ಮಿಕ್ಕ ಹಣದಲ್ಲಿ ಅಂಥದೇ ಇನ್ನೊಂದನ್ನು ಕೊಂಡು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದೇನೆ.