ಅಳಿಸಿಹೋದ ವಾಟ್ಸಾಪ್ ಸಂದೇಶ: ಕಲಬುರಗಿಯ ಎರಡು ಅಂಗಡಿ, ಒಂದು ತಂತ್ರಾಂಶ

ಪ್ರತಿ ವರ್ಷ ತೊಗರಿ ರಾಶಿಯಾದ ಮೇಲೆ ಅಣ್ಣ ಆಳಂದ ತಾಲ್ಲೂಕಿನ ನಮ್ಮ ಊರಿನಿಂದ ಚೀಲಗಳನ್ನು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಕಳುಹಿಸುತ್ತಾರೆ. ನಗರದಲ್ಲಿ ನೌಕರಿಯಲ್ಲಿರುವ ನಾನು ಅಡತಿ ಅಂಗಡಿಯೊಡನೆ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ) ಲೆಕ್ಕ ನೋಡಿಕೊಳ್ಳುತ್ತೇನೆ. ತೂಕದ ಚೀಟಿಯ ಫೋಟೊ, ಆ ದಿನ ಕಟ್ಟಿದ ದರ, ಹಮಾಲಿ ಕಡಿತ, ನಡುವೆ ಪಡೆದ ಉಚಲ (ಮುಂಗಡ) ಹಣ, ಎಲ್ಲವನ್ನೂ ಅಂಗಡಿಯ ಲೆಕ್ಕ ಬರೆಯುವ ಮುನೀಮರು ವಾಟ್ಸಾಪಿನಲ್ಲಿಯೇ ಕಳುಹಿಸುವುದರಿಂದ ಬೇರೆ ವಹಿ ಇಡುವ ರೂಢಿ ನಮ್ಮಲ್ಲಿ ತಪ್ಪಿಹೋಗಿದೆ. ಈ ಸಲ ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಚಿತ್ರಗಳೂ ಶುಭಾಶಯದ ವಿಡಿಯೊಗಳೂ ಬಂದು ಬಂದು ಫೋನಿನಲ್ಲಿ ಜಾಗವೇ ಉಳಿಯಲಿಲ್ಲ. ಮರುದಿನ, ಅಂದರೆ ಜನವರಿ 15ರ ಬೆಳಿಗ್ಗೆ, ಒಂದೊಂದೇ ಗುಂಪನ್ನು ತೆರೆದು 'ಕ್ಲಿಯರ್ ಚಾಟ್' ಒತ್ತುತ್ತ ಹೋದ ನಾನು ಅದೇ ಓಘದಲ್ಲಿ ಅಡತಿ ಅಂಗಡಿಯ ಸಂಭಾಷಣೆಯನ್ನೂ ಖಾಲಿ ಮಾಡಿದೆ. ಜಾಗ ಸಿಗಲೆಂದು ಫೋಟೊಗಳನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿದ್ದೆ. 17ರ ಸಂಜೆ ಅಣ್ಣ ಬಂದು, 9ನೇ ತಾರೀಖಿನ ಗಾಡಿಯಲ್ಲಿ ಎಷ್ಟು ಚೀಲ ಇಳಿದವೆಂದು ಕೇಳಿದಾಗಲೇ ನನಗೆ ಇದು ತಿಳಿದದ್ದು.

'ಕ್ಲಿಯರ್ ಚಾಟ್' ಒತ್ತಿದರೆ ಅಳಿಯುವುದು ನಮ್ಮ ಫೋನಿನಲ್ಲಿ ಮಾತ್ರ. ಎದುರಿನವರ ಫೋನಿನಲ್ಲಿ ಸಂಭಾಷಣೆ ಹಾಗೆಯೇ ಉಳಿದಿರುತ್ತದೆ, ಆದ್ದರಿಂದ ಅವರನ್ನೇ ಕೇಳಿ ಮತ್ತೆ ತರಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ಚೀಲಗಳ ಲೆಕ್ಕದ ತಕರಾರು ಇದ್ದದ್ದೇ ಆ ಅಂಗಡಿಯೊಡನೆ. ನಮ್ಮ ಕೈಯಲ್ಲಿ ಕಾಗದವಿಲ್ಲವೆಂದು ಅವರಿಗೆ ನಾವೇ ತಿಳಿಸುವುದು ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಹೀಗಾಗಿ ಮರುದಿನ ನಗರದ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಗೆ ಹೊರಟೆವು.

ಮೊದಲು ಹೋದದ್ದು ಗಾಜಿನ ಬಾಗಿಲು, ಹವಾನಿಯಂತ್ರಣ, 'ಡೇಟಾ ರಿಕವರಿ' ಎಂಬ ದೊಡ್ಡ ಫಲಕ ಎಲ್ಲವೂ ಇರುವ ಒಂದು ಅಂಗಡಿಗೆ. ಅಲ್ಲಿನ ಯುವಕ ಫೋನನ್ನು ನೋಡುವ ಮೊದಲೇ 2,500 ರೂಪಾಯಿ ಹೇಳಿ, 500 ಮುಂಗಡ ಕೇಳಿದರು. ಸಂದೇಶಗಳನ್ನು ಎಲ್ಲಿಂದ ತರುತ್ತೀರಿ ಎಂದು ವಿಚಾರಿಸಿದಾಗ 'ಕಂಪನಿ ಸರ್ವರ್‌ನಿಂದ' ಎಂದರು. ನಾನು ಅಲ್ಲಿಯೇ ಎಚ್ಚೆತ್ತುಕೊಳ್ಳಬೇಕಿತ್ತು. ವಾಟ್ಸಾಪ್ ತನ್ನ ಸರ್ವರ್‌ನಲ್ಲಿ ತಲುಪಿದ ಸಂದೇಶವನ್ನು ಇಟ್ಟುಕೊಳ್ಳುವುದಿಲ್ಲ. ತಲುಪದೆ ಉಳಿದದ್ದನ್ನು 30 ದಿನಗಳವರೆಗೆ ಬೀಗ ಹಾಕಿದ ರೂಪದಲ್ಲಿ ಇಟ್ಟು ಆಮೇಲೆ ಅಳಿಸಿಬಿಡುತ್ತದೆ. ಎರಡು ತಾಸು ಕಾದ ಮೇಲೆ ಆ ಯುವಕ ಫೋನನ್ನು 'ರೂಟ್' ಮಾಡಬೇಕಾಗುತ್ತದೆ, ಅಂದರೆ ಅದರ ಒಳವ್ಯವಸ್ಥೆಯ ಪೂರ್ತಿ ಹಿಡಿತ ಪಡೆಯಬೇಕಾಗುತ್ತದೆ ಎಂದರು. ರೂಟ್ ಮಾಡಲು ಸಾಮಾನ್ಯವಾಗಿ ಮೊದಲು ಫೋನನ್ನು ಚಾಲೂ ಮಾಡುವ ಮೂಲ ತಂತ್ರಾಂಶಕ್ಕಿರುವ ಬೂಟ್‌ಲೋಡರ್ ಬೀಗ ತೆಗೆಯಬೇಕು, ಅದನ್ನು ತೆಗೆದ ಕ್ಷಣ ಆಂಡ್ರಾಯ್ಡ್ ಫೋನು ತನ್ನೊಳಗಿನ ಮಾಹಿತಿಯನ್ನೆಲ್ಲ ತಾನೇ ಒರೆಸಿಹಾಕುತ್ತದೆ. ಕಳೆದ ಚೀಟಿ ಹುಡುಕಲು ಮನೆಗೇ ಬೆಂಕಿ ಇಡುವ ಈ ಕೆಲಸಕ್ಕೆ ನಾನು ಒಪ್ಪದೆ ಫೋನು ವಾಪಸು ಪಡೆದೆ. ಮುಂಗಡ ಮರಳಲಿಲ್ಲ.

ಆ ರಾತ್ರಿ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ, ಜಾಹೀರಾತು ನೋಡಿ, ಒಂದು ತಂತ್ರಾಂಶವನ್ನು ಇಳಿಸಿಕೊಂಡೆವು. ಹುಡುಕಾಟ ಉಚಿತ. ಹುಡುಕಿದ ಮೇಲೆ ಸಾವಿರಾರು ಸಂದೇಶ ಸಿಕ್ಕಿವೆ ಎಂದು ತೋರಿಸಿ, ಅವನ್ನು ಓದಬೇಕಾದರೆ 3,000ಕ್ಕೂ ಹೆಚ್ಚು ಕಟ್ಟಿರಿ ಎನ್ನುತ್ತದೆ. ಮಾದರಿಗೆಂದು ತೋರಿಸಿದ ನಾಲ್ಕು ಸಾಲುಗಳು ನನ್ನ ಫೋನಿನಲ್ಲಿ ಇನ್ನೂ ಇರುವ, ಯಾರೂ ಅಳಿಸದ ಸಂದೇಶಗಳೇ ಆಗಿದ್ದವು. ಇದರ ಬಗ್ಗೆ ಹೆಚ್ಚು ಬರೆಯುವುದು ಬೇಕಿಲ್ಲ, ಹಣ ಕಟ್ಟಲಿಲ್ಲ.

ಮೂರನೆಯದಾಗಿ, ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ, ಸ್ಟೇಷನ್ ರಸ್ತೆಯ ಬದಿಯ ಒಂದು ಸಣ್ಣ ದುರಸ್ತಿ ಅಂಗಡಿಗೆ ಹೋದೆವು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಫೋನುಗಳು, ಬೆಸುಗೆಯ ಹೊಗೆಯ ವಾಸನೆ, ಒಂದು ಹಳೆಯ ಲ್ಯಾಪ್‌ಟಾಪ್. ಅಂಗಡಿಯವರು ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ, "ಸರ, ಮೊದ್ಲ ನೆಟ್ ಬಂದ್ ಮಾಡ್ರಿ. ಡಿಲೀಟ್ ಆಗಿದ್ದು ಯಾವತ್ತು, ಅದಷ್ಟ ಹೇಳ್ರಿ" ಎಂದರು. ಹಿಂದಿನ ಇಬ್ಬರೂ ಕೇಳದಿದ್ದ ಪ್ರಶ್ನೆ ಇದು. ಇಡೀ ಕೆಲಸ ನಿಂತಿರುವುದೇ ಇದರ ಮೇಲೆ ಎಂದು ಆಮೇಲೆ ತಿಳಿಯಿತು.

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಪ್ರತಿದಿನ ನಸುಕಿನ 2 ಗಂಟೆಗೆ ತನ್ನ ಸಂದೇಶಗಳ ಪೂರ್ತಿ ನಕಲೊಂದನ್ನು ಫೋನಿನೊಳಗೇ ಬರೆದಿಡುತ್ತದೆ. ನಾವು ಕೇಳದಿದ್ದರೂ ಬರೆಯುತ್ತದೆ, ಮತ್ತು ಸುಮಾರು ಕಳೆದ 7 ದಿನಗಳ ನಕಲುಗಳನ್ನು ಉಳಿಸಿಕೊಂಡಿರುತ್ತದೆ. ಅಂಗಡಿಯವರು ಫೈಲ್‌ಗಳ ಆ್ಯಪ್ ತೆರೆದು, ಆಂಡ್ರಾಯ್ಡ್, ಮೀಡಿಯಾ, ವಾಟ್ಸಾಪ್, ಡೇಟಾಬೇಸಸ್ ಎಂದು ಒಂದರೊಳಗೊಂದು ಫೋಲ್ಡರ್ ಇಳಿಯುತ್ತ ಹೋಗಿ ಕೊನೆಗೆ ಒಂದು ಪಟ್ಟಿಯನ್ನು ತೋರಿಸಿದರು. ಎಲ್ಲ ಫೈಲಿನ ಹೆಸರೂ 'ಎಂಎಸ್‌ಜಿಸ್ಟೋರ್' ಎಂದೇ ಆರಂಭವಾಗಿ ಬೀಗ ಹಾಕಿದ ಫೈಲೆಂದು ಸೂಚಿಸುವ 'ಕ್ರಿಪ್ಟ್' ಎಂಬ ಪದ ಮತ್ತು ಒಂದು ಸಂಖ್ಯೆಯೊಡನೆ ಮುಗಿಯುತ್ತಿತ್ತು. ಒಂದರ ಹೊರತು ಉಳಿದವುಗಳ ನಡುವೆ ತಾರೀಖು ಇತ್ತು. ಅವರು 15 ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, "ನೀವು ಮುಂಜಾನಿ ಅಳಿಸೀರಿ, ಇದು ಅವತ್ತ ನಸುಕಿನ್ಯಾಗ ಆಗ್ಯದ. ಇದ್ರಾಗ ಅದಾವ ನೋಡ್ರಿ" ಎಂದರು. ನಾಲ್ಕು ದಿನ ತಡವಾಗಿ ಬಂದಿದ್ದರೆ ಆ ಸಾಲು ಪಟ್ಟಿಯಿಂದ ಕೆಳಗೆ ಜಾರಿ ಹೋಗಿಬಿಡುತ್ತಿತ್ತು.

ನನ್ನಲ್ಲಿ ಗೂಗಲ್ ಡ್ರೈವ್ ಬ್ಯಾಕಪ್ ಕೂಡ ಇತ್ತು, ಅದೂ 'ಪ್ರತಿದಿನ' ಎಂಬ ಆಯ್ಕೆಯಲ್ಲಿ. ಅದೇ ಭದ್ರ ಎಂದು ನಾನು ನಂಬಿದ್ದೆ. ಆದರೆ ಡ್ರೈವ್‌ನಲ್ಲಿ ಉಳಿಯುವುದು ಕೊನೆಯ ಒಂದೇ ನಕಲು, ಹೊಸದು ಬಂದಾಗ ಹಳೆಯದರ ಮೇಲೆಯೇ ಕೂರುತ್ತದೆ. 16ರ ನಸುಕಿನಲ್ಲಿ, ಅಡತಿ ಅಂಗಡಿಯ ಮಾತುಗಳಿಲ್ಲದ ಹೊಸ ನಕಲು ಹೋಗಿ ಹಳೆಯದನ್ನು ಮುಚ್ಚಿಹಾಕಿತ್ತು. 'ವಾರಕ್ಕೊಮ್ಮೆ' ಎಂದು ಇಟ್ಟಿದ್ದರೆ ಬಹುಶಃ ಅಲ್ಲಿಂದಲೇ ಸಿಗುತ್ತಿತ್ತು. ಫೋನು ಕಳೆದುಹೋದರೆ ಪ್ರತಿದಿನದ ಬ್ಯಾಕಪ್ ಒಳ್ಳೆಯದು, ನನ್ನಂತೆ ಕೈತಪ್ಪಿ ಅಳಿಸುವವರಿಗೆ ಅದು ಶತ್ರು.

ಅಂಗಡಿಯವರು ಮೊದಲು ಆ ಫೋಲ್ಡರನ್ನು ಪೂರ್ತಿಯಾಗಿ ಲ್ಯಾಪ್‌ಟಾಪಿಗೆ ನಕಲಿಸಿದರು. ವಾಟ್ಸಾಪಿನಿಂದಲೇ ಇನ್ನೊಂದು ಬ್ಯಾಕಪ್ ತೆಗೆದು ಇಂದಿನವರೆಗಿನ ಸಂದೇಶಗಳನ್ನೂ ಭದ್ರಪಡಿಸಿದರು. ನಂತರ 15ರ ಫೈಲಿನ ಹೆಸರಿನಿಂದ ತಾರೀಖಿನ ಭಾಗವನ್ನು ತೆಗೆದು ಅದನ್ನೇ ಇತ್ತೀಚಿನ ನಕಲಿನ ಜಾಗದಲ್ಲಿ ಇಟ್ಟರು. ಡ್ರೈವ್‌ನ ನಕಲು ನಡುವೆ ಬಾರದಂತೆ ಗೂಗಲ್ ಖಾತೆಯನ್ನು ಫೋನಿನಿಂದ ತಾತ್ಕಾಲಿಕವಾಗಿ ಬಿಡಿಸಿದರು, ಆ್ಯಪ್ ತೆಗೆದು ಮತ್ತೆ ಹಾಕಿದರು. ಅದೇ ಮೊಬೈಲ್ ಸಂಖ್ಯೆಗೆ ಒಟಿಪಿ ಬಂದು ದೃಢೀಕರಣ ಆದ ಮೇಲೆಯೇ ಆ ಬೀಗದ ಫೈಲು ತೆರೆಯುತ್ತದೆ, ಹಾಗಾಗಿ ಆ ಸಂಖ್ಯೆಯನ್ನೇ ಕಳೆದುಕೊಂಡವರಿಗೆ ಈ ದಾರಿ ಇಲ್ಲ. 'ರಿಸ್ಟೋರ್' ಒತ್ತಿದ ಮೇಲೆ ಪಟ್ಟಿ ತುಂಬುತ್ತ ಹೋಗಿ, ಮುನೀಮರ ಹೆಸರು ಕೆಳಗಿನಿಂದ ಮೇಲೆ ಬಂದು ನಿಂತಾಗ ಅಣ್ಣ ನನ್ನ ಭುಜವನ್ನು ಹಿಡಿದುಕೊಂಡೇ ಇದ್ದರು.

ಇಲ್ಲಿ ಒಂದು ತೊಡಕಿದೆ. 15ರ ನಸುಕಿಗೆ ಹಿಂದಿರುಗಿದರೆ ಆಮೇಲಿನ ನಾಲ್ಕು ದಿನಕ್ಕೂ ಹೆಚ್ಚಿನ ಸಂದೇಶಗಳು ಕಾಣಿಸುವುದಿಲ್ಲ. ಅಂಗಡಿಯವರು ಇದನ್ನು ಮೊದಲೇ ತಿಳಿಸಿದ್ದರು. ಅಡತಿ ಅಂಗಡಿಯ ಸಂಭಾಷಣೆಯನ್ನು 'ಎಕ್ಸ್‌ಪೋರ್ಟ್ ಚಾಟ್' ಮೂಲಕ ಬರಹದ ಫೈಲಾಗಿ ನನ್ನ ಇಮೇಲಿಗೆ ಕಳುಹಿಸಿ, ಮತ್ತೆ ಆ್ಯಪ್ ತೆಗೆದು, ಹೊಸ ನಕಲನ್ನೇ ಮರಳಿ ಕೂರಿಸಿದರು. ಎರಡನೆಯ ಒಟಿಪಿಗಾಗಿ ಬಹಳ ಹೊತ್ತು ಕಾಯಬೇಕಾಯಿತು. ಆ ಹೊತ್ತಿನಲ್ಲಿ ಅವರು ಇನ್ನೆರಡು ಫೋನುಗಳ ಚಾರ್ಜಿಂಗ್ ಪಿನ್ ಬದಲಿಸಿದರು.

ಫೋಟೊಗಳ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಾಗಲಿಲ್ಲ. ಆ ನಸುಕಿನ ನಕಲಿನಲ್ಲಿ ಇರುವುದು ಬರಹ ಮಾತ್ರ. ಚೀಟಿಗಳ ಜಾಗದಲ್ಲಿ ಮಸುಕಾದ ಸಣ್ಣ ಚಿತ್ರಗಳಷ್ಟೇ ಕಂಡವು, ಒತ್ತಿದರೆ ಮತ್ತೆ ಕಳುಹಿಸುವಂತೆ ಕೇಳಿರಿ ಎಂಬ ಸೂಚನೆ. ನಾನು ಹಾಕಿದ ಆ ಒಂದು ಗುರುತಿನ ಫಲ ಇದು. ಅದೃಷ್ಟಕ್ಕೆ ಎರಡು ಚೀಟಿಗಳನ್ನು ಆಗಲೇ ಅಣ್ಣನಿಗೆ ಕಳುಹಿಸಿದ್ದೆ, ಅವು ಅಣ್ಣನ ಫೋನಿನಲ್ಲಿ ಇದ್ದವು. ಉಳಿದವುಗಳ ತೂಕವನ್ನು ಮುನೀಮರು ಚಿತ್ರದ ಕೆಳಗೆ ಬರೆದಿದ್ದರಿಂದ ಲೆಕ್ಕಕ್ಕೆ ತೊಂದರೆಯಾಗಲಿಲ್ಲ. 9ನೇ ತಾರೀಖಿನ ಗಾಡಿಯಲ್ಲಿ 12 ಚೀಲವೆಂದು ನಾನು ವಾದಿಸುತ್ತಿದ್ದೆ. ಬರೆದಿದ್ದದ್ದು 11. ಅದರ ಕೆಳಗೆ 'ಸರಿ' ಎಂದು ಉತ್ತರಿಸಿದವನೂ ನಾನೇ.

ಅಂಗಡಿಯವರು 300 ರೂಪಾಯಿ ತೆಗೆದುಕೊಂಡರು, ಅದೂ ಕೆಲಸ ಮುಗಿದ ಮೇಲೆ. ಸಿಗದಿದ್ದರೆ ಹಣ ಬೇಡ ಎಂದು ಮೊದಲೇ ಹೇಳಿದ್ದರು. ಕೊರತೆಗಳೂ ಇವೆ. ಕೂರಲು ಜಾಗವಿಲ್ಲ, ರಸೀದಿ ಇಲ್ಲ, ಸಂಜೆ ಹೊತ್ತು ಜನ ಬಹಳ. ನನ್ನ ಫೋಲ್ಡರಿನ ನಕಲು ಅವರ ಲ್ಯಾಪ್‌ಟಾಪಿನಲ್ಲಿಯೇ ಉಳಿದಿತ್ತು, ನಾನು ಕೇಳಿದ ಮೇಲೆ ನನ್ನ ಎದುರಿಗೇ ಅಳಿಸಿದರು. ಕೇಳದಿದ್ದರೆ ಅಳಿಸುತ್ತಿದ್ದರೋ ಇಲ್ಲವೋ, ಅಲ್ಲಿಗೆ ಹೋಗುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ, ಒಟಿಪಿ ಬರುವ ಸಿಮ್ ಅನ್ನು ಅದೇ ಫೋನಿನಲ್ಲಿ ಇಟ್ಟುಕೊಂಡು, ಅಳಿಸಿದ ತಾರೀಖನ್ನು ನೆನಪು ಮಾಡಿಕೊಂಡು ಹೋದರೆ ಒಂದೂವರೆ ತಾಸಿನಲ್ಲಿ ಕೆಲಸ ಮುಗಿಯುತ್ತದೆ.