ಡ್ರಮ್ ಬಿಚ್ಚಿ ಡಿಸ್ಕ್ ಹಾಕುವ ಮುನ್ನ ಮಾಸ್ಟರ್ ಸಿಲಿಂಡರ್ ಕಡೆ ನೋಡಿ

1960ರ ದಶಕದ ಕಾರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಇಲ್ಲ. ಮಾಲೀಕರು ಮುಂದಿನ ಚಕ್ರಗಳಿಗೆ ಡಿಸ್ಕ್ ಕಿಟ್ ತರಿಸಿದರು: ಬ್ರ್ಯಾಕೆಟ್, ಡಿಸ್ಕ್, ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್, ಪ್ಯಾಡ್, ಹೋಸ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿರಲಿಲ್ಲ, ಹಾಗಾಗಿ ಅದನ್ನೇ ಉಳಿಸಿಕೊಂಡರು. ಲೈನಿನೊಳಗಿನ ಏರ್ ತೆಗೆದು ರಸ್ತೆಗಿಳಿಸಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಡ್ರಮ್ ಇದ್ದಾಗ ನಿಲ್ಲುತ್ತಿದ್ದಷ್ಟು ದೂರದಲ್ಲಿ ಕಾರು ಈಗ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಡಿಸ್ಕ್ ನೀಲಿ ಬಣ್ಣ, ಆಮೇಲೆ ಇಳಿಜಾರಿನಲ್ಲಿ ಪೆಡಲ್ ಸೀದಾ ನೆಲಕ್ಕೆ. ಹ್ಯಾಂಡ್‌ಬ್ರೇಕ್ ಮತ್ತು ಎರಡನೇ ಗೇರು ಅಂದು ಕಾರನ್ನು ಉಳಿಸಿದವು.

ಮಾಸ್ಟರ್ ಬದಲಿಸಿದರು. ಈ ಸಲ ಮುಂದಿನ ಚಕ್ರಗಳು ನಡುರಸ್ತೆಯಲ್ಲಿ ಹಿಡಿದುಕೊಂಡು ಕಾರು ಕದಲಲಿಲ್ಲ. ಅದನ್ನೂ ಸರಿಪಡಿಸಿದ ಮೇಲೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂಭಾಗ ಗಿರ್ರನೆ ತಿರುಗಿ, ಕಾರು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಕಿಟ್‌ನ ಒಂದು ಭಾಗವೂ ಕೆಟ್ಟಿರಲಿಲ್ಲ. ಮೂರು ಸಲವೂ ತಪ್ಪು ಇದ್ದದ್ದು ಕಿಟ್ ಡಬ್ಬದ ಹೊರಗೆ.

ಮೊದಲು ಗಟ್ಟಿ ಪೆಡಲ್ ವಿಚಾರ. ಡ್ರಮ್ ತಿರುಗುವಾಗ, ಒಳಗಿನಿಂದ ಒತ್ತುವ ಶೂಗಳಲ್ಲಿ ಮುಂಚೂಣಿಯದನ್ನು (ಲೀಡಿಂಗ್ ಶೂ) ತಾನೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ; ಕಾಲಿನ ಅರ್ಧ ಕೆಲಸ ಚಕ್ರವೇ ಮಾಡುತ್ತದೆ. ಡಿಸ್ಕ್‌ಗೆ ಆ ಗುಣವಿಲ್ಲ, ಎಷ್ಟು ಒತ್ತಿದರೆ ಅಷ್ಟೇ ಹಿಡಿತ. ಅದಕ್ಕೇ ಡಿಸ್ಕ್‌ಗೆ ಲೈನಿನಲ್ಲಿ ಹೆಚ್ಚು ಒತ್ತಡ ಬೇಕು. ಲೆಕ್ಕ ಸುಲಭ: ಕಾಲಿನ ಬಲವನ್ನು ಪೆಡಲ್ ಅನುಪಾತದಿಂದ (ಪೆಡಲ್ ಸನ್ನೆ ಆ ಬಲವನ್ನು ಎಷ್ಟು ಪಟ್ಟು ಮಾಡುತ್ತದೋ ಅದರಿಂದ) ಗುಣಿಸಿ, ಮಾಸ್ಟರ್ ಬೋರಿನ, ಎಂದರೆ ಅದರ ಒಳಕೊಳವೆಯ, ವಿಸ್ತೀರ್ಣದಿಂದ ಭಾಗಿಸಿ. ಆ ಕಾರಿನಲ್ಲಿ ಅನುಪಾತ 6ಕ್ಕೆ 1, ಬೋರ್ 25.4 ಮಿ.ಮೀ. 45 ಕೆ.ಜಿ. ಬಲದಲ್ಲಿ ತುಳಿದರೆ ಪಿಸ್ಟನ್ ಮೇಲೆ 270 ಕೆ.ಜಿ.; ಅದನ್ನು 5.07 ಚದರ ಸೆಂ.ಮೀ.ಗೆ ಹಂಚಿದರೆ ಚದರ ಸೆಂ.ಮೀ.ಗೆ 53 ಕೆ.ಜಿ. ಅದೇ ಕಾಲು, ಅದೇ ಪೆಡಲ್, 22.2 ಮಿ.ಮೀ. ಬೋರ್ ಆದರೆ ಸುಮಾರು 70. ಇದು ಪುಕ್ಕಟೆ ಸಿಗುವುದಿಲ್ಲ. ಅಷ್ಟೇ ಆಯಿಲ್ ತಳ್ಳಲು ಪೆಡಲ್ 30 ಶೇಕಡಾ ಹೆಚ್ಚು ಕೆಳಗೆ ಹೋಗಬೇಕು. ಆದ್ದರಿಂದ ಬೋರ್ ಕಿರಿದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ, ದೊಡ್ಡ ಕ್ಯಾಲಿಪರ್‌ಗೆ ತೀರಾ ಸಣ್ಣ ಮಾಸ್ಟರ್ ಕಟ್ಟಿದರೆ ಪೆಡಲ್ ತಳ ಮುಟ್ಟಿದರೂ ಪ್ಯಾಡ್ ಹಿಡಿಯುವುದಿಲ್ಲ. ತೂತು ಕೊರೆದ ಹೊಳೆಯುವ ಡಿಸ್ಕ್ ಇದ್ಯಾವುದಕ್ಕೂ ಔಷಧಿಯಲ್ಲ.

ಡಿಸ್ಕ್ ನೀಲಿಯಾದದ್ದು ಇನ್ನೊಂದು ಕಾರಣಕ್ಕೆ. ಡ್ರಮ್ ಕಾಲದ ಬಹಳಷ್ಟು ಮಾಸ್ಟರ್‌ಗಳಲ್ಲಿ ಪೈಪ್ ಹೊರಡುವ ಬಾಯಲ್ಲೇ ಉಳಿಕೆ ಒತ್ತಡದ ವಾಲ್ವ್ ಕೂತಿರುತ್ತದೆ. ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ, ಎಂದರೆ ಚದರ ಸೆಂ.ಮೀ.ಗೆ 0.7 ಕೆ.ಜಿ. ಉಳಿಸುವುದು ಅದರ ಕೆಲಸ. ಡ್ರಮ್ಮಿನ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಕಪ್ಪುಗಳ ತುಟಿ ಗೋಡೆಗೆ ಅಂಟಿಕೊಂಡಿರಲಿ, ಗಾಳಿ ಒಳಗೆ ಎಳೆಯದಿರಲಿ ಎಂದು. ಡ್ರಮ್ಮಿನಲ್ಲಿ ಶೂವನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇದೆ, ತೊಂದರೆಯಿಲ್ಲ. ಕ್ಯಾಲಿಪರ್‌ನಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ಚೌಕ ಸೀಲು ತಿರುಚಿಕೊಂಡು ಬಿಡುವಾಗ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಹಿಂದೆಳೆಯುತ್ತದೆ, ಅಷ್ಟೇ. 54 ಮಿ.ಮೀ. ಪಿಸ್ಟನ್ ಮೇಲೆ ಆ 0.7 ಕೆಲಸ ಮಾಡಿದರೆ ಸುಮಾರು 16 ಕೆ.ಜಿ. ಬಲ. ಕಾಲು ಪೆಡಲಿನ ಮೇಲಿಲ್ಲದಿದ್ದರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಕಾವು ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 140. ಕುದಿದು ಆವಿಯಾದರೆ ಪೆಡಲ್ ಆವಿಯನ್ನು ಅದುಮುತ್ತದೆಯೇ ಹೊರತು ಪ್ಯಾಡನ್ನಲ್ಲ.

ಡಿಸ್ಕ್‌ನ ಲೈನಿಗೆ ಈ ವಾಲ್ವ್ ಬೇಡ, ಹಿಂದೆ ಡ್ರಮ್ ಉಳಿದರೆ ಆ ಲೈನಿಗೆ 10 ಪಿಎಸ್‌ಐನದು ಇರಲಿ. ಮಾಸ್ಟರ್ ನೆಲದ ಅಡಿಯಲ್ಲಿ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿದ್ದರೆ ಮಾತ್ರ ಡಿಸ್ಕ್ ಲೈನಿಗೆ 2 ಪಿಎಸ್‌ಐ ವಾಲ್ವ್ ಹಾಕಬೇಕು. ಇಲ್ಲದಿದ್ದರೆ ಆಯಿಲ್ ಇಳಿದು ಬಂದು ಮೊದಲ ತುಳಿತ ಪೊಳ್ಳಾಗುತ್ತದೆ. ಮಾಸ್ಟರ್ ಬದಲಿಸುವಾಗಲೇ ಎರಡು ಸರ್ಕ್ಯೂಟಿನದು ಹಾಕಿ. ಒಂದೇ ಸರ್ಕ್ಯೂಟ್ ಇದ್ದರೆ ಎಲ್ಲೋ ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾದದ್ದು ಸುಮ್ಮನೆ ಅಲ್ಲ.

ಎರಡನೇ ಸಲ ಚಕ್ರ ಹಿಡಿದುಕೊಂಡದ್ದು, ಪೆಡಲಿನಿಂದ ಮಾಸ್ಟರ್‌ನ ಪಿಸ್ಟನ್ ತಳ್ಳುವ ಪುಶ್‌ರಾಡ್‌ನಿಂದ. ಪೆಡಲ್ ಪೂರ್ತಿ ಮೇಲಿರುವಾಗ ಪುಶ್‌ರಾಡ್ ತುದಿಗೂ ಪಿಸ್ಟನ್‌ಗೂ ಅರ್ಧದಿಂದ ಒಂದು ಮಿ.ಮೀ. ಸಂದು ಬೇಕು; 6:1 ಪೆಡಲಿನಲ್ಲಿ ಅದು 3ರಿಂದ 6 ಮಿ.ಮೀ. ಆಟವಾಗಿ ಕಾಣುತ್ತದೆ. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಕ್ಕೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲ್‌ಗೆ ಹೋಗಲು ದಾರಿಯಿಲ್ಲ, ಅದು ಪ್ಯಾಡನ್ನೇ ಒತ್ತುತ್ತದೆ. ಪರೀಕ್ಷೆ ಹೀಗೆ: ಡಬ್ಬದ ಮುಚ್ಚಳ ತೆಗೆದು ಒಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಆಯಿಲ್‌ನಲ್ಲಿ ಪುಟ್ಟ ಬುಗ್ಗೆ ಎದ್ದರೆ ತೂತು ತೆರೆದಿದೆ. ಮುಖ ಬಗ್ಗಿಸಿ ನೋಡಬೇಡಿ, ಕಣ್ಣಿಗೆ ಹಾರುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ.

ದಾರಿಯಲ್ಲಿ ಚಕ್ರ ಹಿಡಿದುಕೊಂಡರೆ ಮೊದಲು ಅಡೆ ಇಡಿ, ಆಮೇಲೆ ಈ ಕ್ರಮದಲ್ಲಿ ನೋಡಿ. ಮಾಸ್ಟರ್‌ನ ಎರಡು ನಟ್ ಸಡಿಲಿಸಿ 2 ಮಿ.ಮೀ. ಮುಂದೆ ಎಳೆಯಿರಿ. ಚಕ್ರ ಬಿಟ್ಟರೆ ರಾಡ್ ಉದ್ದ. ಬಿಡದಿದ್ದರೆ ಮಾಸ್ಟರ್ ಹತ್ತಿರದ ಪೈಪ್ ನಟ್ ಸಡಿಲಿಸಿ; ಈಗ ಬಿಟ್ಟರೆ ದೋಷ ಮಾಸ್ಟರ್ ಒಳಗೆ, ಬಹುಶಃ ಆ ವಾಲ್ವೇ. ಆಗಲೂ ಬಿಡದೆ ಕ್ಯಾಲಿಪರ್‌ನ ನಿಪ್ಪಲ್ (ಏರ್ ತೆಗೆಯುವ ತಿರುಪು) ತೆರೆದಾಗ ಬಿಟ್ಟರೆ, ನಡುವಿನ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಅಲ್ಲಿಗೂ ಬಿಡಲಿಲ್ಲವೆಂದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ತುಕ್ಕು ಹಿಡಿದಿದೆ. ಎಲ್ಲಾದರೂ ಸಡಿಲಿಸಿದ ಮೇಲೆ ಬಿಗಿ ಮಾಡಿ, ಏರ್ ತೆಗೆಯದೆ ಕಾರು ಕದಲಿಸಬಾರದು. ಬೂಸ್ಟರ್ ಇರುವ ಕಾರಿನ ಮಾಸ್ಟರನ್ನು ಬೂಸ್ಟರ್ ಇಲ್ಲದ ಕಾರಿಗೆ ತರುವಾಗ ಇನ್ನೊಂದು ಗಂಡಾಂತರ: ಅದರ ಪಿಸ್ಟನ್ನಿನ ಹಿಂದಿನ ಕುಳಿ ಸಾಮಾನ್ಯವಾಗಿ ಆಳವಿರುವುದಿಲ್ಲ, ಪೆಡಲ್ ರಾಡ್ ಅಲ್ಲಿಂದ ಜಾರಿ ಬೀಳಬಹುದು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಡಿಸ್ಕ್‌ಗಾಗಿ ಏರಿಸಿದ ಒತ್ತಡ ಹಿಂದಿನ ಡ್ರಮ್‌ಗೂ ಹೋಗುತ್ತದೆ, ಮತ್ತು ಆ ಡ್ರಮ್ ತನ್ನನ್ನು ತಾನೇ ಎಳೆದುಕೊಳ್ಳುವ ಜಾತಿಯದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರು ಹಗುರಾಗುತ್ತದೆ. ಅದು ಮೊದಲು ಲಾಕ್ ಆದರೆ ಪಕ್ಕಕ್ಕೆ ಜಾರುವುದನ್ನು ತಡೆಯುವ ಹಿಡಿತ ಹೋಗಿ ಕಾರು ಸುತ್ತುತ್ತದೆ. ಹಿಂದಿನ ಲೈನಿಗೆ ಮಾತ್ರ, ಮುಂದಿನದಕ್ಕೆ ಎಂದೂ ಅಲ್ಲ, ಒತ್ತಡ ತಗ್ಗಿಸುವ, ಹೊಂದಿಸಬಹುದಾದ ಪ್ರೊಪೋರ್ಷನಿಂಗ್ ವಾಲ್ವ್ ಹಾಕುತ್ತಾರೆ. ಹಿಂದಿನ ಒತ್ತಡ ಅತಿ ಕಡಿಮೆ ಇಟ್ಟು ಶುರುಮಾಡಿ, ಖಾಲಿ ಜಾಗದಲ್ಲಿ 40 ಕಿ.ಮೀ. ವೇಗದಲ್ಲಿ ನೇರವಾಗಿ ಪರೀಕ್ಷಿಸಿ, ಒಂದೊಂದೇ ಸುತ್ತು ಏರಿಸುತ್ತ ಹೋಗಿ. ಮುಂದಿನ ಚಕ್ರ ಯಾವಾಗಲೂ ಮೊದಲು ಲಾಕ್ ಆಗಬೇಕು. ಒದ್ದೆ ನೆಲದಲ್ಲೂ ನೋಡಿ, ಒಣ ನೆಲದಲ್ಲೂ ನೋಡಿ. ಆದರೂ ಯಾರೋ ಬಂದು ತಿರುಗಿಸಬಹುದಾದ ವಾಲ್ವ್ ಗುಂಡಿಗಿಂತ, ಹಿಂದಿನ ವೀಲ್ ಸಿಲಿಂಡರನ್ನೇ 22.2 ಮಿ.ಮೀ.ಯಿಂದ 19 ಮಿ.ಮೀ.ಗೆ ಇಳಿಸುವುದು ನಮಗೆ ಹೆಚ್ಚು ಹಿಡಿಸುತ್ತದೆ. ಹಿಂದಿನ ಬಲ ಕಾಲು ಭಾಗಕ್ಕೂ ತುಸು ಹೆಚ್ಚು ಕಡಿಮೆಯಾಗುತ್ತದೆ, ಮುಟ್ಟಿ ಕೆಡಿಸಲು ಏನೂ ಇರುವುದಿಲ್ಲ.

ಸಣ್ಣವು ಕೆಲವಿವೆ. ಕ್ಯಾಲಿಪರ್ ಎಡಬಲ ಅದಲುಬದಲಾದರೆ ನಿಪ್ಪಲ್ ಕೆಳಗಾಗುತ್ತದೆ, ಎಷ್ಟು ಆಯಿಲ್ ಸುರಿದರೂ ಏರ್ ಹೋಗುವುದಿಲ್ಲ. ಸಿಲಿಕೋನ್ ಆಧಾರದ ಡಾಟ್ 5 ಆಯಿಲನ್ನು 3, 4, 5.1ರ ಜೊತೆ ಬೆರೆಸಬಾರದು. ಹೋಸ್‌ಗಳನ್ನು ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ತೂಗುಬಿಟ್ಟು ನೋಡಿ.

ಥ್ರೆಡ್ ಮಾತ್ರ ಸಣ್ಣದಲ್ಲ. ಹಳೆಯ ಇಂಚಿನ ಕಾರಿಗೆ ಮೆಟ್ರಿಕ್ ಕ್ಯಾಲಿಪರ್ ಕೂಡಿಸುವಾಗ, 3/8 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್‌ನ ನಟ್ 10 ಮಿ.ಮೀ., 1 ಪಿಚ್‌ನ ತೂತಿಗೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ವ್ಯಾಸ 9.5 ಮಿ.ಮೀ., ಪಿಚ್ 1.06, ಅಂಚುಗಳಷ್ಟೇ ಹಿಡಿದಿರುತ್ತವೆ. ಮೆಲ್ಲಗೆ ಏರ್ ತೆಗೆಯುವಾಗ ಒಂದು ಹನಿಯೂ ಸೋರದೆ ಇದ್ದು, ಮೊದಲ ಜೋರು ತುಳಿತಕ್ಕೆ ಕಿತ್ತು ಬರುತ್ತದೆ. ನಟ್‌ಗಳನ್ನು ಪಿಚ್ ಗೇಜ್‌ನಲ್ಲಿ ಅಳೆಯಿರಿ, ಬೆರಳಲ್ಲಿ ಕೊನೆಯವರೆಗೆ ಆಟವಿಲ್ಲದೆ ಹೋಗಬೇಕು. ಜೋಡಿಸಿದ ಮೇಲೆ ಇಂಜಿನ್ ಶುರು ಮಾಡುವ ಮೊದಲು ಪೆಡಲನ್ನು ನಿಮ್ಮ ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಕೀಲನ್ನೂ ನೋಡಲಿ. ಪೆಡಲ್ ಇಳಿಯುತ್ತಾ ಹೋದರೆ ಕಾರು ಅಂದು ಶೆಡ್‌ನಲ್ಲೇ ಇರಲಿ.